ಹೊರಗಿನ ಮನೆಯ ಓದು

ಪುಟ್ಟೀ, ಗುಂಡಾ,

ನಿಮ್ಮಕ್ಕ ನರ್ಸಿಂಗ್ ಓದುವುದಕ್ಕೆ ಹೋದ ಮೇಲೆ ನನ್ನ ಜೊತೆ ಕೂತು ಮಾತಾಡುವವರು ಇಲ್ಲದಂತಾಯಿತು. ನೀವಿಬ್ಬರೂ ಇದ್ದೀರಿ, ನಿಜ. ಆದರೆ ಶಾಲೆಯಿಂದ ಬಂದರೆ ನಿಮಗೆ ಟೀವಿ, ಟೀವಿ ಬಿಟ್ಟರೆ ಬಯಲಲ್ಲಿ ಆಟ. ದೂರು ಹೇಳುತ್ತಿಲ್ಲ. ನನಗೇ ಜನರ ಎದುರು ಬಾಯಿ ಬರುವುದಿಲ್ಲ. ಮಾತು ಗಂಟಲಿನವರೆಗೆ ಬಂದು ಹಾಗೇ ಹಿಂದಕ್ಕೆ ಹೋಗುತ್ತದೆ. ನಿಮ್ಮ ತಾತ ಇದ್ದಾಗ ನನ್ನ ಮಾತನ್ನೂ ಅವರೇ ಆಡಿಬಿಡುತ್ತಿದ್ದರು. ಕೊಳಾಲದ ಕಡೆ ನನ್ನ ತವರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ್ದೇನೆ. ಆಡಲಾಗದ್ದನ್ನು ಬರೆಯುವುದಕ್ಕೆ ಅಷ್ಟು ಸಾಕು.

ನಿಮ್ಮಕ್ಕನ ವಿಷಯ ಹಟ್ಟಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅವಳಿಗೆ ಏನೋ ಹೆಂಗಸರ ಕಾಯಿಲೆ ಇತ್ತು, ಅದು ವಾಸಿಯಾಗಲಿ ಎಂದೇ ನರ್ಸಿಂಗ್ ಸೇರಿದಳು ಎಂದು ಹೇಳುವವರೂ ಇದ್ದಾರೆ. ಆಗ ನೀವು ಚಿಕ್ಕವರು. ನಡೆದದ್ದನ್ನು ಪೂರ್ತಿ ನೋಡಿದವಳು ನಾನೊಬ್ಬಳೇ.

ನಮ್ಮ ಪದ್ಧತಿ ನಿಮಗೆ ಗೊತ್ತು. ಆದರೂ ಮುಂದೆ ಓದುವವರಿಗೆ ತಿಳಿಯಲಿ ಎಂದು ಬರೆಯುತ್ತೇನೆ. ದೇವರ ಗುಡಿ ಹಟ್ಟಿಯ ನಡುವೆಯೇ ಇರುವುದರಿಂದ, ತಿಂಗಳ ಮುಟ್ಟು ಬಂದ ಹೆಂಗಸರು ಹಟ್ಟಿಯ ಸುತ್ತಲಿನ ಬೇಲಿಯ ಆಚೆ ಹೋಗಿ ಇರಬೇಕು. ಹೆತ್ತವರೂ ಅಷ್ಟೇ. ಮೊದಲು ಅಲ್ಲಿ ಸೋಗೆ ಗುಡಿಸಲಿತ್ತು. ನಿಮ್ಮಪ್ಪ ಹುಟ್ಟಿದ್ದು ಅದರಲ್ಲೇ. ಈಗ ಹುಣಸೆಮರದ ಪಕ್ಕ ಸರ್ಕಾರದವರು ಒಂದು ಕೋಣೆ ಕಟ್ಟಿಸಿ, ಒಂದು ಬಲ್ಬು ಹಾಕಿಕೊಟ್ಟಿದ್ದಾರೆ. ಅದನ್ನೇ ನಾವು ಹೊರಗಿನ ಮನೆ ಎನ್ನುವುದು. ಮೂರು ದಿನ ಅಲ್ಲಿದ್ದವರನ್ನು ಯಾರೂ ಮುಟ್ಟುವುದಿಲ್ಲ. ಮನೆಯವರು ಊಟ ತಂದು ಕಲ್ಲಿನ ಮೇಲೆ ಇಟ್ಟು ದೂರ ಸರಿಯುತ್ತಾರೆ. ಮುಟ್ಟಿದವರು ತಲೆಗೆ ನೀರು ಹಾಕಿಕೊಳ್ಳದೆ ಬೇಲಿಯೊಳಗೆ ಬರುವ ಹಾಗಿಲ್ಲ. ನನಗೆ ಆ ಕಾಲ ಮುಗಿದು ಎಷ್ಟೋ ವರ್ಷವಾಗಿರುವುದರಿಂದ ನಮ್ಮ ಮನೆಯಲ್ಲಿ ಊಟ ಒಯ್ಯುವ ಕೆಲಸ ನನ್ನದು.

ಗುಂಡಾ, ನೀನು ಹುಟ್ಟಿದಾಗ ಆಸ್ಪತ್ರೆಯಿಂದ ನಿನ್ನನ್ನೂ ನಿಮ್ಮಮ್ಮನನ್ನೂ ಕರೆತಂದು ಆ ಕೋಣೆಯಲ್ಲೇ ಇಟ್ಟೆವು. ಚಳಿಗಾಲ. ನಿನಗೆ ಕೆಮ್ಮು. ನಾವೆಲ್ಲ ದೂರ ನಿಂತು "ಹೊದಿಸು, ಬಿಸಿನೀರು ಕುಡಿ" ಎಂದು ಕೂಗಿ ಹೇಳುತ್ತಿದ್ದೆವು. ಪಕ್ಕದೂರಿನ ಉಪಕೇಂದ್ರದ ನರ್ಸಮ್ಮ ಮಾತ್ರ ಸ್ಕೂಟರ್ ನಿಲ್ಲಿಸಿದವರೇ ಸೀದಾ ಒಳಗೆ ಹೋಗುತ್ತಿದ್ದರು. ನಿನ್ನನ್ನು ಎತ್ತಿ ತೂಗುತ್ತಿದ್ದರು, ನಿಮ್ಮಮ್ಮನ ಹೊಟ್ಟೆ ಮುಟ್ಟಿ ನೋಡುತ್ತಿದ್ದರು. ನಿಮ್ಮಕ್ಕ ಆಗ ಪುಟ್ಟ ಲಂಗದ ಹುಡುಗಿ, ಬೇಲಿ ಹಿಡಿದು ನೋಡುತ್ತಾ ನಿಂತಿರುತ್ತಿದ್ದಳು. "ಅಜ್ಜಿ, ಅವರಿಗೆ ಮಾತ್ರ ಏನೂ ಆಗಲ್ವಾ?" ಎಂದು ಒಂದು ದಿನ ಕೇಳಿದಳು. "ಅವರು ನರ್ಸಮ್ಮ ಕಣವ್ವ" ಎಂದೆ. ಅಷ್ಟೇ ನಾನು ಹೇಳಿದ್ದು. ಆಮೇಲೆ ಯಾರು ಏನು ಕೇಳಿದರೂ ಅವಳದು ಒಂದೇ ಉತ್ತರ, ನಾನು ನರ್ಸ್ ಆಗುತ್ತೇನೆ.

ಹತ್ತನೆಯದು ಮುಗಿಸಿ ಮಧುಗಿರಿಯ ಕಾಲೇಜಿನಲ್ಲಿ ಪಿಯುಸಿ ಸೈನ್ಸ್ ತೆಗೆದುಕೊಂಡಳು. ನರ್ಸಿಂಗ್ ಸೀಟಿಗೆ ಸಿಇಟಿ ಎಂಬ ಪರೀಕ್ಷೆಯನ್ನೂ ಬರೆಯಬೇಕಂತೆ. ಅದರಲ್ಲಿ ಒಳ್ಳೆಯ ಅಂಕ ಬಂದರೆ ಮಾತ್ರ ಸರ್ಕಾರಿ ಕಾಲೇಜು, ಇಲ್ಲದಿದ್ದರೆ ನಮ್ಮಂಥವರಿಗೆ ಆ ಓದು ಇಲ್ಲ. ಆದರೆ ಓದುವುದು ಯಾವಾಗ? ಬಸ್ಸಿಳಿದು ಬರುವಷ್ಟರಲ್ಲಿ ಹೊತ್ತು ಇಳಿದಿರುತ್ತಿತ್ತು. ಬಂದವಳು ನೀರು ತರಬೇಕು, ಮರಿಗಳಿಗೆ ಸೊಪ್ಪು ಹಾಕಬೇಕು, ಮುದ್ದೆಗೆ ಎಸರಿಡಬೇಕು. ಪುಸ್ತಕ ತೆರೆದರೆ ನೀವಿಬ್ಬರೂ ಅವಳ ಬೆನ್ನು ಹತ್ತುತ್ತಿದ್ದಿರಿ.

ಎರಡನೇ ಪಿಯುಸಿಯ ಮಳೆಗಾಲದಲ್ಲಿ ನಿಮ್ಮಕ್ಕ ಪದೇ ಪದೇ ಹೊರಗಾಗತೊಡಗಿದಳು.

ಮೊದಲು ನನಗೂ ತಿಳಿಯಲಿಲ್ಲ. ಹೋದವಳು ಮೂರು ದಿನಕ್ಕೆ ಬರದೆ ಇನ್ನೂ ನಿಂತಿಲ್ಲ ಎನ್ನುವಳು. ಬಂದು ಹದಿನೈದು ದಿನ ಆಗಿರುವುದಿಲ್ಲ, ಮತ್ತೆ ಚಾಪೆ ಸುತ್ತಿಕೊಂಡು ಹೊರಡುವಳು. ಅಲ್ಲಿಂದಲೇ ಬಸ್ಸಿಗೆ ಹೋಗುವುದು, ಅಲ್ಲಿಗೇ ಬರುವುದು. ಹೊಟ್ಟೆನೋವಿಗೆ ಇರಲಿ ಎಂದು ನಾನು ಜೀರಿಗೆ ಕಷಾಯ ಕಾಯಿಸಿ ಒಯ್ಯುತ್ತಿದ್ದೆ. ಒಂದು ಸಂಜೆ ಬೇಗ ಹೋದೆ. ಹಿಂದಿನ ದಿನದ ಕಷಾಯವನ್ನು ಹುಣಸೆಮರದ ಬುಡಕ್ಕೆ ಸುರಿಯುತ್ತಾ ನಿಂತಿದ್ದಳು. ಮುಖದಲ್ಲಿ ನೋವಿಲ್ಲ, ಸುಸ್ತಿಲ್ಲ. ಒಳಗೆ ಬಲ್ಬಿನ ಕೆಳಗೆ ಚಾಪೆ ತುಂಬ ಪುಸ್ತಕ. ನನ್ನನ್ನು ನೋಡಿ ಲೋಟ ಹಿಂದಕ್ಕೆ ಹಿಡಿದಳು.

"ಅಜ್ಜಿ... ಯೋಳ್ಬುಡ್ತೀಯಾ?"

"ಏನ ಯೋಳ್ಲಿ? ಮರಕ್ಕೂ ಹೊಟ್ಟೆನೋವು ಅಂತ ಯೋಳ್ಲಾ?"

ಅವಳಿಗೆ ನಗು ತಡೆಯಲಾಗಲಿಲ್ಲ. ನನಗೂ ಬಂತು. ನಗುತ್ತಲೇ ಅವಳ ಕಣ್ಣಲ್ಲಿ ನೀರು. "ಇಲ್ಲಾದ್ರೆ ಯಾರೂ ಕೆಲ್ಸ ಯೋಳಲ್ಲ ಅಜ್ಜಿ. ಇನ್ನೆಲ್ಲಿ ಓದ್ಲಿ ನಾನು?" ಎಂದಳು.

ನಾನು ತಟ್ಟೆಯನ್ನು ಕಲ್ಲಿನ ಮೇಲೆ ಇಟ್ಟು ದೂರ ಸರಿದು ಕೂತೆ. ಅವಳು ಹೊರಗಾಗಿಲ್ಲ ಎಂದು ಗೊತ್ತಿದ್ದೂ ಸರಿದೆ. ಬೇಲಿಯ ಕಡೆಯಿಂದ ನೋಡುವವರು ಇದ್ದರು.

ನಾನು ಹರೆಯದಲ್ಲಿ ಆ ಜಾಗದಲ್ಲಿ ಕಳೆದ ದಿನಗಳನ್ನು ನಿಮಗೆ ಹೇಗೆ ಹೇಳಲಿ? ಗುಡಿಸಲಿನಲ್ಲಿ ಕೂತರೆ ಹಟ್ಟಿಯೊಳಗಿನ ಮಾತೆಲ್ಲ ಕೇಳುತ್ತಿತ್ತು. ಯಾರ ಮನೆಯಲ್ಲಿ ಒಗ್ಗರಣೆ, ಯಾರ ಮಗು ಬಿತ್ತು, ಯಾರು ನಕ್ಕರು ಎಲ್ಲವೂ. ನನ್ನನ್ನು ಮಾತ್ರ ಯಾರೂ ಕರೆಯುತ್ತಿರಲಿಲ್ಲ. ನಿಮ್ಮಪ್ಪ ಹುಟ್ಟಿದ ಮೇಲೆ, ಯಾರಾದರೂ ನನ್ನ ಹಣೆ ಮುಟ್ಟಿ ಜ್ವರ ಇದೆಯಾ ಎಂದು ನೋಡಲಿ ಎಂದು ಎಷ್ಟು ಅನ್ನಿಸಿತ್ತು. ಅಂಥ ಜಾಗವನ್ನು ಈ ಹುಡುಗಿ ಬೇಕೆಂದೇ ಹುಡುಕಿಕೊಂಡು ಬಂದಿದ್ದಳು.

ಆಮೇಲೆ ನಾನು ಊಟ ಇಟ್ಟ ಕೂಡಲೇ ಎದ್ದು ಬರುತ್ತಿರಲಿಲ್ಲ. ಅವಳು ಉಣ್ಣುತ್ತಾ ಓದುತ್ತಿದ್ದಳು, ನಾನು ಆಚೆ ಕೂತು ಕೇಳುತ್ತಿದ್ದೆ. ಹೃದಯಕ್ಕೆ ನಾಲ್ಕು ಕೋಣೆಯಂತೆ. ಒಂದರಿಂದ ಇನ್ನೊಂದಕ್ಕೆ ರಕ್ತ ಹೋಗುವ ಬಾಗಿಲು ಹಿಂದಕ್ಕೆ ತೆರೆಯುವುದಿಲ್ಲವಂತೆ. "ನಮ್ ಕೊಟ್ಟಿಗೆ ಬಾಗಿಲಿಗೂ ಅಂಗೇ ಮಾಡ್ಸಬೇಕು, ಮರಿಗಳು ನುಗ್ಗಕಿಲ್ಲ" ಎಂದರೆ ಅವಳು ಬಿದ್ದು ಬಿದ್ದು ನಗುವಳು. ಒಂದು ದಿನ ನಿಮ್ಮ ತಾತನ ಬಗ್ಗೆ ಕೇಳಿದಳು. ತಾತ ಹೋದ ಮೇಲೆ ಅವರ ಬಗ್ಗೆ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಮುದ್ದೆ ಆರುವವರೆಗೂ ಹೇಳಿದೆ. ಅಷ್ಟು ಮಾತು ನನ್ನೊಳಗೆ ಇತ್ತು ಎಂದು ನನಗೇ ಗೊತ್ತಿರಲಿಲ್ಲ.

ಹಟ್ಟಿಯಲ್ಲಿ ಮುಚ್ಚಿಡುವುದು ಎಷ್ಟು ದಿನ? ಮೂಲೆಮನೆ ದೊಡ್ಡಮ್ಮನ ಕಣ್ಣಿಗೆ ಬಿತ್ತು. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ನಿಮ್ಮಮ್ಮನನ್ನು ನಿಲ್ಲಿಸಿಕೊಂಡರು.

"ಲೇ, ನಿನ್ ಮಗಳು ಒಳಗಿರೋದಕ್ಕಿಂತ ಹೊರಗಿರೋದೇ ಜಾಸ್ತಿ ಆಯ್ತಲ್ಲೇ. ಮೈಯಾಗಿನ ರಕ್ತ ಎಲ್ಲಾ ಅಲ್ಲೇ ಹೋಯ್ತದೆ ನೋಡು. ಓದೋ ಕಾವಿಗೆ ಹಿಂಗಾಗೋದು."

"ಅಂಗೇನಿಲ್ಲ ದೊಡ್ಡಮ್ಮ."

"ನಿಂಗೇನ್ ಗೊತ್ತು! ನಮ್ಮ ತಂಗಿ ಮಗಳು ಹಿಂಗೇ ಬಿಳಚ್ಕಂಡು ಕಡ್ಡಿ ಆಗೋದ್ಲು."

ನಿಮ್ಮಮ್ಮ ಅತ್ತುಕೊಂಡು ಮನೆಗೆ ಬಂದಳು. ಅಷ್ಟರಲ್ಲೇ ಪಾವಗಡದ ತಿರುಮಣಿ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಅವರ ಹೊಲ ಸೋಲಾರ್ ಕರೆಂಟಿನವರಿಗೆ ಹೋಗಿ ವರ್ಷವರ್ಷವೂ ಬಾಡಿಗೆ ಬರುತ್ತದೆ, ಕೂತು ಉಣ್ಣಬಹುದು ಎಂದು ನಿಮ್ಮಪ್ಪನಿಗೆ ಆಸೆ. ಹುಡುಗನ ಸೋದರತ್ತೆ ನೋಡಲು ಬಂದರು. ಮಾತಿಗೆ ತೆಲುಗು ಬೆರೆಸುವ ಹೆಂಗಸು. ನಲ್ಲಿಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಕಾಫಿ ಕುಡಿದು ಲೋಟ ಇಡುತ್ತಾ, "ಪಿಲ್ಲಕಿ ಏಂ ಜಬ್ಬಮ್ಮಾ? ಏನ್ ಕಾಯ್ಲೆ ಅಂತ ಈಗ್ಲೇ ಹೇಳ್ಬುಡ್ರಿ, ಆಮ್ಯಾಕೆ ಮಾತು ಬ್ಯಾಡ" ಎಂದರು. ನಿಮ್ಮಪ್ಪ ತಲೆ ತಗ್ಗಿಸಿದ. ಅವರು ಮತ್ತೆ ಬರಲಿಲ್ಲ. ನಿಮ್ಮಕ್ಕನಿಗೆ ಅದು ಒಳ್ಳೆಯದೇ ಆಯಿತು. ಆದರೆ ನಿಮ್ಮಪ್ಪ ಆ ಸಿಟ್ಟನ್ನು ಓದಿನ ಮೇಲೆ ತಿರುಗಿಸಿದ.

"ತಾನೇ ಕಾಯ್ಲೆಯವಳು. ಇನ್ಯಾರಿಗೆ ಸೂಜಿ ಚುಚ್ಚಾಳು ಇವಳು? ಕಾಲೇಜು ಸಾಕು."

ಅಂದು ನಿಮ್ಮಕ್ಕ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಕಾಯಿಲೆ ಇಲ್ಲ ಎಂದರೆ ಸುಳ್ಳು ಹೊರಬೀಳುತ್ತದೆ. ದೇವರ ಪದ್ಧತಿಯ ಜೊತೆ ಆಟವಾಡಿದಳು ಎಂದು ಹಟ್ಟಿಯೇ ತಿರುಗಿ ಬೀಳುತ್ತದೆ. ಇದೆ ಎಂದರೆ ಓದು ಹೋಗುತ್ತದೆ. ನಾನು ಬಾಯಿ ತೆರೆದೆ. "ಮೊದ್ಲು ಆಸ್ಪತ್ರೆಗೆ ತೋರ್ಸು" ಎಂದಷ್ಟೇ ಹೇಳಿದೆ.

ಮಧುಗಿರಿಗೆ ನಾಲ್ಕೂ ಜನ ಹೋದೆವು. ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಡಾಕ್ಟರಮ್ಮ ನೋಡಿದರು. ವಯಸ್ಸಾದ ಒಬ್ಬರು ಸಿಸ್ಟರ್ ನಿಮ್ಮಕ್ಕನನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ ಬಹಳ ಹೊತ್ತು ಮಾತಾಡಿಸಿದರು. ಹೊರಗೆ ಬೆಂಚಿನ ಮೇಲೆ ಕೂತ ನಮಗೆ ಪಿಸುಮಾತು ಕೇಳಿತು, ಆಮೇಲೆ ಸಿಸ್ಟರ್ ಜೋರಾಗಿ ಕೆಮ್ಮಿದ್ದು ಕೇಳಿತು. ಅದು ಕೆಮ್ಮಲ್ಲ, ನಗು ಎಂದು ನನಗೆ ಗೊತ್ತಾಯಿತು. ಹೊರಗೆ ಬಂದಾಗ ಅವರ ಮುಖ ಕಲ್ಲಿನ ಹಾಗಿತ್ತು.

"ಏನಪ್ಪಾ, ಇವಳ ತಂದೆ ನೀನೇನಾ? ರಕ್ತ ಚೆನ್ನಾಗಿದೆ. ಕಾಯಿಲೆ ಏನೂ ಇಲ್ಲ. ಆದರೆ ಹುಡುಗಿಗೆ ಕೆಲಸ ಜಾಸ್ತಿಯಾಗಿದೆ. ಪರೀಕ್ಷೆ ಮುಗಿಯುವವರೆಗೂ ಸಂಜೆ ಹೊತ್ತು ಒಂದು ಕೊಡ ನೀರೂ ಹೊರಿಸಬೇಡ."

"ಮಾತ್ರೆ ಏನಾರ ಬರ್ಕೊಡಿ ಮೇಡಂ."

"ಇದೇ ಮಾತ್ರೆ. ತಪ್ಪಿಸಿದರೆ ಮತ್ತೆ ಶುರುವಾಗುತ್ತೆ ನೋಡು."

ನಿಮ್ಮಪ್ಪ ಕೈ ಮುಗಿದ. ಅಂದಿನಿಂದ ಕೊಡ ನಿಮ್ಮಮ್ಮನ ಸೊಂಟಕ್ಕೆ ಬಂತು, ಸೊಪ್ಪು ನನ್ನ ತಲೆಗೆ. ಪಡಸಾಲೆಯ ಮೂಲೆಯಲ್ಲಿ ನಿಮ್ಮಕ್ಕನಿಗೆ ಜಾಗವಾಯಿತು. ನೀವು ಗಲಾಟೆ ಮಾಡಿದರೆ ನಿಮ್ಮಪ್ಪನೇ "ಲೇ, ಆಸ್ಪತ್ರೆಯವ್ರು ಯೋಳವ್ರೆ ಕಣ್ಲಾ" ಎಂದು ಗದರಿಸುತ್ತಿದ್ದ. ಅವಳು ಸುಮ್ಮಸುಮ್ಮನೆ ಹೊರಗಾಗುವುದು ನಿಂತಿತು. ನಾನು ಸಂತೋಷಪಡಬೇಕಿತ್ತು. ಸಂಜೆಯಾದರೆ ಕಾಲು ಮಾತ್ರ ಹುಣಸೆಮರದ ಕಡೆಗೇ ಎಳೆಯುತ್ತಿತ್ತು. ಮನೆಯೊಳಗೆ ಎಲ್ಲರ ನಡುವೆ ಅವಳು ನನ್ನೊಬ್ಬಳಿಗಾಗಿ ಗಟ್ಟಿಯಾಗಿ ಓದುವ ಹಾಗಿರಲಿಲ್ಲ.

ಕಾಯಿಲೆಯ ಮಾತು ಮುಗಿದರೂ ನಿಮ್ಮಪ್ಪ ನರ್ಸಿಂಗಿಗೆ ಒಪ್ಪಲಿಲ್ಲ. ಅವನ ಕಷ್ಟ ಬೇರೆ ಇತ್ತು. "ಓದ್ಲಿ, ಟೀಚರ್ ಆಗ್ಲಿ. ಅದು ಬ್ಯಾಡ. ದಿನಾ ಹೆರಿಗೆ, ದಿನಾ ಸಾವು ಮುಟ್ಟೋ ಕೆಲ್ಸ. ರಜಕ್ಕೆ ಬಂದ್ರೆ ಹಟ್ಟಿ ಒಳಕ್ಕೆ ಹೆಂಗೆ ಕರ್ಕಳ್ಳಿ? ಗುಡಿ ಪೂಜಾರಪ್ಪಂಗೆ ಏನ್ ಯೋಳ್ಲಿ?" ಎಂದ. ಹಾಗೆಂದು ಶಿರಾಕ್ಕೆ ಹೋದ. ಅಲ್ಲಿ ಕಡಲೆಕಾಯಿ ಮಂಡಿಯಲ್ಲಿ ಮೂಟೆ ಹೊರುವ ಕೆಲಸ ಅವನದು. ವಾರಕ್ಕೊಮ್ಮೆ ಬರುತ್ತಿದ್ದ.

ಸಿಇಟಿಗೆ ಅರ್ಜಿ ಹಾಕಲು ಕೊನೆಯ ದಿನ ಬಂದುಬಿಟ್ಟಿತು. ನಿಮ್ಮಮ್ಮನಿಗೆ ಗಂಡನ ಭಯ. ಕೊನೆಗೆ ನಾನೇ ನಿಮ್ಮಕ್ಕನ ಜೊತೆ ಮಧುಗಿರಿಗೆ ಹೋಗಿ ಕಂಪ್ಯೂಟರ್ ಅಂಗಡಿಯಲ್ಲಿ ಕೂತೆ. ಅಂಗಡಿಯವನು ಎಲ್ಲ ತುಂಬಿದ. ಆಮೇಲೆ, "ಒಟಿಪಿ ಬಂದಿದೆ ನೋಡಮ್ಮ, ಹೇಳು" ಎಂದ. ನಿಮ್ಮಕ್ಕನ ಮುಖ ಬಿಳುಚಿತು. ಆಗ ಮನೆಗೆಲ್ಲ ಇದ್ದದ್ದು ನಿಮ್ಮಪ್ಪನ ಫೋನೊಂದೇ. ಶಾಲೆಯ ಕಾಲದಿಂದ ಎಲ್ಲ ಕಡೆಗೂ ಅದೇ ನಂಬರು ಕೊಟ್ಟು ರೂಢಿ. ಇದಕ್ಕೂ ಅದನ್ನೇ ಕೊಟ್ಟುಬಿಟ್ಟಿದ್ದಳು. ಬೇಡ ಎಂದವನ ಕೈಗೇ ಹೋಗಿ ಕೂತಿತ್ತು ಆ ಗುಟ್ಟಿನ ನಂಬರು.

"ನಾನ್ ಕೇಳಿದ್ರೆ ಕೊಡಲ್ಲ ಅಜ್ಜಿ" ಎಂದಳು. ಅಂಗಡಿಯವನು ತನ್ನ ಫೋನಿನಿಂದ ಕರೆ ಮಾಡಿ ನನ್ನ ಕೈಗೆ ಕೊಟ್ಟ.

"ಯಾರು?"

"ನಾನು ಕಣಪ್ಪ."

"ಅವ್ವಾ? ಏನಾಯ್ತು? ಮರಿಗೇನಾರ ಆಯ್ತಾ?"

"ಮರಿ ಚೆನ್ನಾಗೈತೆ. ನಿನ್ ಫೋನಿಗೆ ಒಂದು ನಂಬರ್ ಬಂದೈತಂತೆ, ಓದು."

"ಯಾತರ ನಂಬರು?"

"ನಿನ್ ಮಗಳ ಅರ್ಜಿದು."

"ನಾನ್ ಬ್ಯಾಡ ಅಂದಿರ್ನಿಲ್ವಾ?"

"ಅಂದಿದ್ದೆ."

ಆ ಕಡೆ ಮಂಡಿಯ ಗದ್ದಲ ಕೇಳಿಸುತ್ತಿತ್ತು. ಯಾರೋ "ಚಲೋ ಭಾಯ್, ಚಲೋ" ಎಂದು ಕೂಗುತ್ತಿದ್ದರು. ಅವನು ಮಾತಾಡಲಿಲ್ಲ. ನಾನೂ ಆಡಲಿಲ್ಲ. ಸುಮ್ಮನಿರುವುದು ನಮ್ಮಿಬ್ಬರಿಗೂ ಬರುವ ವಿದ್ಯೆ.

"ಹೊರಗೇ ಇಟ್ಕಬೇಕಾಯ್ತದೆ ಅವ್ವಾ ಅವಳನ್ನ. ಪೂಜಾರಪ್ಪ ಬುಡಕಿಲ್ಲ" ಎಂದ ಕೊನೆಗೆ.

"ಇಟ್ಕಳಾನ ಬುಡು. ಊಟ ನಾನ್ ತಗೊಂಡೋಗ್ತೀನಿ. ನೀನು ಹುಟ್ಟಿದಾಗ ಅಲ್ಲಿ ನನ್ನ ಮುಟ್ಟಿ ನೋಡಕ್ಕೆ ಯಾರೂ ಇರ್ಲಿಲ್ಲ ಕಣಪ್ಪ. ಇವಳು ಯಾರನ್ನಾರ ಮುಟ್ಟಿ ನೋಡ್ಲಿ."

ಅಷ್ಟುದ್ದ ಮಾತು ನಾನು ಅವನ ಹತ್ತಿರ ಎಂದೂ ಆಡಿರಲಿಲ್ಲ. ಅವನು ಗಂಟಲು ಸರಿಮಾಡಿಕೊಂಡು ಒಂದೊಂದೇ ಅಂಕಿ ಓದಿದ. ನಾನು ಹೇಳಿದೆ, ಅಂಗಡಿಯವನು ಒತ್ತಿದ. ಒತ್ತಿ ತಲೆ ಅಲ್ಲಾಡಿಸಿದ. "ಅಜ್ಜಿ, ನೀವು ತಾಯಿ ಮಗ ಸುಮ್ನೆ ಕೂತಿದ್ರಲ್ಲ, ಅಷ್ಟ್ರಲ್ಲಿ ಇದರ ಟೈಮ್ ಮುಗಿದೋಯ್ತು. ಇನ್ನೊಂದು ಕಳಿಸ್ತಿದೀನಿ, ಕೇಳಿ."

ಇನ್ನೊಂದು ಸಲ ಕೇಳುವ ಶಕ್ತಿ ನನ್ನಲ್ಲಿರಲಿಲ್ಲ. ಫೋನು ಕಿವಿಯಲ್ಲೇ ಇತ್ತು. ಅದರಲ್ಲಿ ನಿಮ್ಮಪ್ಪನ ದನಿ ಬಂತು: "ಇನ್ನೊಂದು ಬಂತವ್ವಾ. ಬೇಗ ಬರ್ಕೋ, ಯೋಳ್ತೀನಿ."

ಪರೀಕ್ಷೆ ಬರೆದಳು. ಬಿಸಿಲಿಗೆ ಊರೆಲ್ಲ ಕಾದಿದ್ದ ದಿನಗಳು. ಬರೆದು ಬಂದವಳು ಚೆನ್ನಾಗಿ ಬರೆದೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಮಳೆ ಬಿದ್ದ ಮೇಲೆ ಸೀಟು ಬಂತು. ಬೇರೆ ಜಿಲ್ಲೆ, ಸರ್ಕಾರಿ ಕಾಲೇಜು, ಹಾಸ್ಟೆಲ್ಲು. ನಿಮ್ಮಪ್ಪ ಅವಳನ್ನು ಕರೆದುಕೊಂಡು ಪೂಜಾರಪ್ಪನ ಮುಂದೆ ನಿಂತ. ಅವರು ಎಲೆ ಅಡಿಕೆ ಅಗಿದು ಮುಗಿಸಿ ಹೇಳಿದರು:

"ಓದಕ್ಕೆ ಬ್ಯಾಡ ಅನ್ನಕಿಲ್ಲ. ಆದ್ರೆ ಆ ಕೆಲ್ಸ ಮಾಡ್ಕಂಡು ಬಂದೋಳು ಮೊದ್ಲು ಮೂರು ದಿನ ಹೊರಗಿನ ಮನ್ಯಾಗಿರ್ಬೇಕು. ಆಮ್ಯಾಕೆ ತಲೆಗೆ ನೀರು ಹಾಕ್ಕಂಡು ಒಳಕ್ಕೆ."

"ಆಗ್ಲಿ ತಾತ" ಎಂದಳು ನಿಮ್ಮಕ್ಕ, ಅವರ ಮಾತು ಮುಗಿಯುವ ಮೊದಲೇ.

ಪೂಜಾರಪ್ಪ ನಿಮ್ಮಪ್ಪನ ಕಡೆ ತಿರುಗಿದರು. "ಏನ್ಲಾ ಇದು, ಅಳ್ತಾಳೆ ಅಂದ್ಕಂಡಿದ್ರೆ ತವರಿಗೆ ಹೋಗೋಳಂಗೆ ನಗ್ತಾಳಲ್ಲೋ!"

ಮಧುಗಿರಿಯಲ್ಲಿ ಬಕೆಟ್ಟು, ಬಿಳಿ ಬೂಟು, ಕೂದಲಿಗೆ ಬಲೆ ಕೊಂಡಳು. ಟ್ರಂಕು ತುಂಬಿಸಿದ್ದು ನಾನು. ಅವಳು ಬಸ್ಸು ಹತ್ತಿದ ದಿನ ನೀವಿಬ್ಬರೂ ಅತ್ತಿರಿ, ನಿಮ್ಮಮ್ಮ ಅತ್ತಳು. ನಾನು ಮನೆಗೆ ಬಂದು ಪಡಸಾಲೆಯ ಮೂಲೆ ಗುಡಿಸಿದೆ. ಆಮೇಲೆ ದಿನಗಳು ಬಹಳ ಉದ್ದವಾದವು. ಸಂಜೆ ಹೊತ್ತು ಹುಣಸೆಮರದ ಹತ್ತಿರ ಹೋಗಿ ಕೂರುತ್ತಿದ್ದೆ. ಕೋಣೆಯಲ್ಲಿ ಬೇರೆ ಯಾರಾದರೂ ಹೆಂಗಸರಿದ್ದರೆ "ಯಾರಿಗೆ ಊಟ ತಂದ್ರಿ ಅಜ್ಜಿ?" ಎಂದು ಕೇಳುತ್ತಿದ್ದರು. ಯಾರಿಗೂ ಇಲ್ಲ ಎಂದು ಎದ್ದು ಬರುತ್ತಿದ್ದೆ.

ದೀಪಾವಳಿಗೆ ಬಂದಳಲ್ಲ, ನಿಮಗೆ ನೆನಪಿದೆ. ಅವಳಿಗೆ ಸಿಕ್ಕ ರಜೆ ಎರಡೇ ದಿನ. ಒಳಗೆ ಬರಬೇಕಾದರೆ ಮೂರು ದಿನ ಕಳೆಯಬೇಕು. ಆ ಲೆಕ್ಕ ಯಾರೂ ಮಾಡಿರಲಿಲ್ಲ. ಹಬ್ಬ ಪೂರ್ತಿ ಅವಳು ಬೇಲಿಯ ಆಚೆ, ನೀವು ಈಚೆ. ನಿಮ್ಮಮ್ಮ ಒಬ್ಬಟ್ಟಿನ ತಟ್ಟೆ ಕಲ್ಲಿನ ಮೇಲೆ ಇಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದಳು. ಎರಡನೇ ಸಂಜೆ ನಾನೊಬ್ಬಳೇ ಹೋದೆ. ನಿಮ್ಮಕ್ಕ ಸೊರಗಿದ್ದಳು. ಹಾಸ್ಟೆಲ್ಲಿನಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ತಾನು ಸುಮ್ಮನೆ ಕೂತಿರುತ್ತೇನೆ ಎಂದಳು. ಅದು ನನ್ನಿಂದ ಅವಳಿಗೆ ಹೋದ ಆಸ್ತಿ ಎಂದುಕೊಂಡೆ. ಚೀಲದಿಂದ ಬಿಪಿ ನೋಡುವ ಪಟ್ಟಿ, ಕಿವಿಗೆ ಇಟ್ಟುಕೊಳ್ಳುವ ಕೊಳವೆ ತೆಗೆದಳು.

"ಇದನ್ನ ಕಲೀಬೇಕು ಅಜ್ಜಿ, ಹೋದ ತಕ್ಷಣ ನಮಗೆ ಪರೀಕ್ಷೆ. ನನ್ನ ಕೈಗೆ ನಾನೇ ಕಟ್ಕಂಡ್ರೆ ಸರಿಯಾಗಿ ಕೇಳ್ಸಲ್ಲ." ಆಮೇಲೆ ಬೇಲಿಯ ಕಡೆ ನೋಡಿ, "ಬ್ಯಾಡ ಬುಡು" ಎಂದಳು.

ನಾನು ಎದ್ದು ಹೋಗಿ ಕೋಣೆಯ ಹೊಸ್ತಿಲ ಮೇಲೆ ಕೂತು ಕೈ ಚಾಚಿದೆ. ಅವಳು ರವಿಕೆಯ ತೋಳು ಸರಿಸಿ ಪಟ್ಟಿ ಸುತ್ತಿದಳು. ಬೆರಳಿನಲ್ಲಿ ನಾಡಿ ಹುಡುಕಿದಳು, ಸಿಗಲಿಲ್ಲ, ಮತ್ತೆ ಹುಡುಕಿದಳು. ನಿಮ್ಮ ತಾತ ಹೋದ ಮೇಲೆ ನನ್ನ ಕೈಯನ್ನು ಯಾರೂ ಅಷ್ಟು ಹೊತ್ತು ಹಿಡಿದಿರಲಿಲ್ಲ. "ಅಲ್ಲಾಡ್ಬ್ಯಾಡ ಅಜ್ಜಿ" ಎಂದು ಗದರಿದಳು. ನಾನು ಅಲ್ಲಾಡಲಿಲ್ಲ.

ಮೂಲೆಮನೆ ದೊಡ್ಡಮ್ಮ ಬೇಲಿಯಿಂದಲೇ ಕೂಗಿದರು. "ಅಯ್ಯೋ, ಮುಟ್ಬುಟ್ಯಲ್ಲೇ! ಇನ್ನು ಒಳಕ್ಕೆ ಹೆಂಗ್ ಬತ್ತೀಯಾ?"

ತಲೆಗೆ ನೀರು ಹಾಕಿಕೊಂಡಿದ್ದರೆ ಆಗಲೇ ಹೋಗಬಹುದಿತ್ತು. "ಬೆಳಿಗ್ಗೆ ಹಾಕ್ಕಂತೀನಿ ಬುಡಕ್ಕ, ಈಗ ಚಳಿ" ಎಂದೆ. ನಿಮ್ಮಕ್ಕ ಚಾಪೆಯ ಅರ್ಧ ನನಗೆ ಬಿಟ್ಟುಕೊಟ್ಟಳು. ಬೆಳಗಿನ ಬಸ್ಸಿಗೆ ಅವಳು ಹೋದಳು. ನಾನು ನೀರು ಹಾಕಿಕೊಂಡು ಒಳಗೆ ಬಂದೆ.

ಪುಟ್ಟೀ, ನೀನೂ ದೊಡ್ಡವಳಾಗುವ ದಿನ ಹತ್ತಿರ ಬಂದಿದೆ. ನಿನಗೂ ಚಾಪೆ ಸುತ್ತಿಕೊಂಡು ಹೋಗುವ ಕಾಲ ಬಂದರೆ ಊಟ ನಾನೇ ತರುತ್ತೇನೆ. ಅಷ್ಟರಲ್ಲಿ ನಾನಿಲ್ಲದಿದ್ದರೆ ಇದನ್ನು ಓದಿಕೋ. ಗುಂಡಾ, ನೀನೂ ಓದು. ಓದಿ, ಊಟ ಒಯ್ಯುವವನು ನೀನಾಗು. ಈ ಹಾಳೆಗಳನ್ನು ಗೋಡೆಯ ಗೂಡಿನಲ್ಲಿ ಇಡಬೇಡಿ, ಗೆದ್ದಲು ಬರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನಿಮ್ಮ ಪುಸ್ತಕಗಳ ನಡುವೆ ಇಟ್ಟುಕೊಳ್ಳಿ. ನಿಮ್ಮಪ್ಪನಿಗೆ ಈಗಲೇ ತೋರಿಸಬೇಡಿ. ಅವನು ಇಂದಿಗೂ ಆ ಆಸ್ಪತ್ರೆಯ ಸಿಸ್ಟರ್ ಕೈಗುಣ ದೊಡ್ಡದು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾನೆ.